ಲೆಟರ್‌ಕೆನ್ನಿಯಲ್ಲಿ ನನ್ನ ಪಿಟೀಲು ಪ್ರತಾಪ

ಮುಂದೆ ಬರೆದಿರುವುದೆಲ್ಲ ಅಕ್ಷರಕ್ಷರ ಸತ್ಯ. ಬೇಕಿದ್ದರೆ ನನ್ನ ಪಿಟೀಲಿನ ನಾಲ್ಕೂ ತಂತಿ ಮುಟ್ಟಿ ಆಣೆ ಇಡುತ್ತೇನೆ. ಇಂಥದ್ದು ಬೇರೆಯವರಿಗೆ ವರ್ಷಕ್ಕೊಮ್ಮೆ ಆದರೆ ನನಗೆ ವಾರಕ್ಕೊಮ್ಮೆ. ಮಂಗಳವಾರ ತಪ್ಪಿದರೆ ಗುರುವಾರ.

ಐರ್ಲೆಂಡಿನಲ್ಲಿ ಸಿಮೆಂಟ್ ಮಿಕ್ಸರ್ ತಿರುಗದ ರಸ್ತೆಯೇ ಇಲ್ಲದ ಕಾಲ ಅದು. ನಾನು ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು. ಊರಿನ ಅರ್ಧ ಜನರನ್ನು ಮಲಗಿಸಿದವನು ನಾನೇ. ಎಬ್ಬಿಸಿದವನೂ ನಾನೇ, ದಯವಿಟ್ಟು ಗಮನಿಸಿ. ಅಲ್ಲೊಂದು ಚೇಂಬರ್ ಮ್ಯೂಸಿಕ್ ಸಂಘವಿತ್ತು. ಅಂದರೆ ನಾಲ್ಕು ಜನ ನಾಲ್ಕು ಕುರ್ಚಿ ಹಾಕಿಕೊಂಡು, ಮುಂದೆ ನಿಂತು ಕೋಲು ಬೀಸುವವರಿಲ್ಲದೆ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸುವ ಪಾಶ್ಚಾತ್ಯ ಸಂಗೀತ. ಮೊದಲ ಪಿಟೀಲು ಒಬ್ಬ ವಕೀಲರು. ಪಿಟೀಲಿನ ಅಣ್ಣನಂತಿರುವ ವಿಯೋಲಾ ಔಷಧಿ ಅಂಗಡಿಯವರದು. ಮಂಡಿಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೋ, ರಿಟೈರಾದ ಗಣಿತದ ಟೀಚರಮ್ಮನದು. ಎರಡನೇ ಪಿಟೀಲಿನವನು ಮನೆ ಮಾರಿಸುವ ಕೆಲಸ ಹಿಡಿದು ಡಬ್ಲಿನ್‌ಗೆ ಹಾರಿದ್ದ. ಆ ಖಾಲಿ ಕುರ್ಚಿಯ ಮೇಲೆ ನನ್ನ ಕಣ್ಣು ಬಿತ್ತು. ಕ್ರಿಸ್‌ಮಸ್ ಕಚೇರಿಯವರೆಗೆ ನನ್ನ ಪರೀಕ್ಷೆ. ಆಮೇಲೆ ಕುರ್ಚಿ ನನಗೋ, ಪಿಟೀಲು ನುಡಿಸುವ ಒಬ್ಬ ಪೊಲೀಸಿಗೋ ಅಂತ ತೀರ್ಮಾನ.

"ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತವನು ನಾನು. ಮಂಗಳೂರಲ್ಲಿ ಚರ್ಚ್ ಕ್ವಾಯರ್ ಮಾಸ್ತರ ಹತ್ರ ನೊಟೇಶನ್ ಬೇರೆ ಕಲಿತಿದ್ದೀನಿ. ನನ್ನ ಮುಂದೆ ಪೊಲೀಸ್ ಯಾವ ಲೆಕ್ಕ?" ಅಂದೆ ಹೆಂಡತಿಗೆ.

"ಪೊಲೀಸ್‌ನವರು ಟೈಮಿಗೆ ಸರಿಯಾಗಿ ಬರ್ತಾರೆ," ಅಂದಳು.

೧. ಬಾಗಿಲಲ್ಲಿ

ಮೊದಲ ದಿನ ಪಿಟೀಲು ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ಹಾಲ್‌ಗೆ ಹೋದೆ. ಬಾಗಿಲಲ್ಲಿದ್ದ ಕಾರ್ಯದರ್ಶಿಯಮ್ಮ ನನ್ನ ಮುಖ ನೋಡಿ ಬಿಳಿಚಿಕೊಂಡರು.

"ಅಯ್ಯೋ ಡಾಕ್ಟ್ರೇ, ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನಾನು ನುಡಿಸೋಕೆ ಬಂದಿದ್ದೀನಿ."

"ಓ, ಗ್ರ್ಯಾಂಡ್! ಸಿತಾರ್ ತಾನೇ?"

ಪೆಟ್ಟಿಗೆಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಅದು ಪಿಟೀಲಿನ ಆಕಾರದಲ್ಲೇ ಇತ್ತು. "ಎಷ್ಟು ಪುಟ್ಟ ಸಿತಾರ್!" ಅಂದರು.

ಯಾರಿಗೂ ಏನೂ ಆಗಿಲ್ಲ ಅಂದಿದ್ದೆನಲ್ಲ, ಅದು ಸಂಜೆ ಏಳರವರೆಗೆ ನಿಜ. ಏಳಕ್ಕೆ ನಾನು ನುಡಿಸಲು ಶುರು ಮಾಡಿದೆ. ಏಳೂವರೆಗೆ ಔಷಧಿ ಅಂಗಡಿಯವರು ತಮ್ಮ ಜೇಬಿನಿಂದಲೇ ತಲೆನೋವಿನ ಮಾತ್ರೆ ತೆಗೆದು ಎಲ್ಲರಿಗೂ ಹಂಚಿದರು.

೨. ನೆಲದ ಮೇಲೆ

ಆ ಕುರ್ಚಿಗಾಗಿ ಹೋದವನು ಮಾಡಿದ ಮೊದಲ ಕೆಲಸ ಕುರ್ಚಿ ಬಿಟ್ಟದ್ದು. ಅಭ್ಯಾಸಬಲ ನೋಡಿ! ಪಿಟೀಲು ಕೈಗೆ ಬಂದದ್ದೇ ಶೂ ಕಳಚಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಬಲಗಾಲಿನ ಹಿಮ್ಮಡಿ ಮೇಲೆ ಇಟ್ಟುಬಿಟ್ಟೆ. ತಪ್ಪಾಯಿತೆಂದು ಹೊಳೆದು ಏಳಬೇಕು ಅನ್ನುವಷ್ಟರಲ್ಲಿ ವಕೀಲರು, "ಬೇಡ ಬೇಡ, ಅದು ನಿಮ್ಮ ಸಂಸ್ಕೃತಿ. ನಾವು ಗೌರವಿಸ್ತೀವಿ," ಅಂತ ತಾವೂ ಕೂತರು. ಔಷಧಿ ಅಂಗಡಿಯವರದು ನೂರಿಪ್ಪತ್ತು ಕಿಲೋ ದೇಹ. ಅವರೂ ಗೌರವಿಸಿದರು. ಇಳಿದದ್ದು ಸಲೀಸಾಗಿ, ಏಳಲು ಆಗಲಿಲ್ಲ.

ಚೆಲ್ಲೋ ಟೀಚರಮ್ಮ ಮಾತ್ರ ಅಲುಗಾಡಲಿಲ್ಲ. "ನಾನು ಕುರ್ಚಿ ಮೇಲೇ ಇರ್ತೀನಿ," ಅಂದರು. "ಕೊನೆಗೆ ನಿಮ್ಮನ್ನೆಲ್ಲ ಎಬ್ಬಿಸೋಕೆ ಒಬ್ಬರು ಬೇಕಲ್ಲ."

ಒಬ್ಬರು ಸಾಲಲಿಲ್ಲ. ಪಕ್ಕದ ಕೋಣೆಯಲ್ಲಿ ಬಿಂಗೋ ಆಡುತ್ತಿದ್ದ ಇಬ್ಬರನ್ನು ಕರೆಸಬೇಕಾಯಿತು. ನನ್ನ ಸಂಸ್ಕೃತಿಗೆ ಅಂಥ ಭಾರ ಇದೆಯೆಂದು ನನಗೇ ಗೊತ್ತಿರಲಿಲ್ಲ.

೩. ಚಿತ್ರದಲ್ಲಿ

ಆಗ ಎಲ್ಲಿ ನೋಡಿದರೂ ಒಂದೇ ಮಾತು: ಎಲ್ಲರನ್ನೂ ಒಳಗೊಳ್ಳಬೇಕು. ಕಾರ್ಯದರ್ಶಿಯಮ್ಮ ಬ್ರೋಷರ್ ಮಾಡಿಸಲು ಫೋಟೋಗ್ರಾಫರನ್ನು ಕರೆತಂದರು. "ನಿಮ್ಮ ದೇಶದ ಉಡುಪಿನಲ್ಲಿ ಬನ್ನಿ," ಅಂದರು. ನಾನೇನು ಕಮ್ಮಿ? ಮದುವೆಯ ಪಂಚೆ ಉಟ್ಟು, ಜರಿ ಶಾಲು ಹೊದ್ದು ನವೆಂಬರಿನ ಗಾಳಿಯಲ್ಲಿ ಹೊರಗೆ ನಿಂತೆ. ಶಾಲು ಒಂದು ಕಡೆ, ಪಂಚೆ ಇನ್ನೊಂದು ಕಡೆ ಹಾರಿದವು. ನಾನು ಎರಡನ್ನೂ ಹಿಡಿದೆ. ಪಿಟೀಲನ್ನು ಬೇರೆ ಯಾರೋ ಹಿಡಿದುಕೊಂಡರು.

ಬ್ರೋಷರ್ ಬಂತು. ಮುಖಪುಟದ ತುಂಬ ನಾನೇ. ಉಳಿದ ಮೂವರಿಗೆ ಸೇರಿ ಒಂದು ಮೊಣಕೈ. ಊಟದ ಮೇಜಿನ ಮೇಲೆ ಅದನ್ನು ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಲೆಟರ್‌ಕೆನ್ನಿಯಲ್ಲೇ ಹುಟ್ಟಿದ ಮಗಳು ಎತ್ತಿ ನೋಡಿ, ಆ ಸೀಮೆಯ ಅಪ್ಪಟ ಡೊನೆಗಾಲ್ ರಾಗದಲ್ಲಿ ಹೇಳಿದಳು: "ಅಪ್ಪಾ, ದೇರ್ ಈಸ್ ನೋ ವಯೋಲಿನ್ ಇನ್ ಇಟ್."

೪. ಎಲ್ಲವೂ ಗ್ರ್ಯಾಂಡ್

ನಮ್ಮ ಕಚೇರಿಗಳಲ್ಲಿ ಪಕ್ಕವಾದ್ಯದ ಪಿಟೀಲಿಗೆ ಒಂದು ಧರ್ಮ ಇದೆ: ಹಾಡುಗಾರ ನಡೆದ ದಾರಿಯಲ್ಲೇ ಅರ್ಧ ಹೆಜ್ಜೆ ಹಿಂದೆ ನಡೆಯುವುದು. ಎರಡನೇ ಪಿಟೀಲು ಅಂದರೂ ಅದೇ ಅಂದುಕೊಂಡೆ. ನನ್ನ ಪುಟದಲ್ಲಿದ್ದದ್ದನ್ನೇ ನುಡಿಸಿದೆ, ಆದರೆ ವಕೀಲರು ಹೊರಟ ಮೇಲೆ ಹೊರಟೆ. ಮೂವರೂ ಮುಗಿಸಿ ಕಮಾನು ಇಳಿಸಿದ ಮೇಲೂ ನಾನೊಬ್ಬ ಬರುತ್ತಲೇ ಇದ್ದೆ, ಕೊನೆಯ ಬಸ್ಸಿನ ಹಾಗೆ. ಸಾಲದ್ದಕ್ಕೆ ವಕೀಲರು ಚೆಂದದ ತಿರುವು ತೆಗೆದಾಗಲೆಲ್ಲ ತೊಡೆ ತಟ್ಟಿ "ಭಲೇ!" ಅಂದೆ. ಮೊದಲನೇ ಭಲೇಗೆ ಅವರ ಕಮಾನು ಕೆಳಗೆ ಬಿತ್ತು.

"ಹೇಗಿತ್ತು?" ಅಂತ ಕೇಳಿದರೆ, "ಗ್ರ್ಯಾಂಡ್," ಅನ್ನೋರು. ಅಪಸ್ವರ ಬಂದರೂ ಗ್ರ್ಯಾಂಡ್. ತಂತಿ ಕಿತ್ತುಹೋದರೂ ಗ್ರ್ಯಾಂಡ್. ನಾನು ಹಿಗ್ಗಿದೆ.

ಐದನೇ ವಾರ ಟೀಚರಮ್ಮ ಚೆಲ್ಲೋ ಪಕ್ಕಕ್ಕಿಟ್ಟರು. "ಗ್ರ್ಯಾಂಡ್ ಅಲ್ಲ. ನಿನ್ನ ಶ್ರುತಿ ಇಳಿದಿದೆ, ನೀನು ಹಿಂದೆ ಬೀಳ್ತೀಯ, ಮೇಲಿಂದ ಮಾತು ಬೇರೆ ಆಡ್ತೀಯ."

ವಕೀಲರು ಕೆಂಪಾದರು. "ಛೆ ಛೆ, ಅದು ಅವರ ಸಂಪ್ರದಾಯ ಇರಬಹುದು..."

"ಅವನನ್ನೇ ಕೇಳಿ. ಏನಪ್ಪಾ, ನಿಮ್ಮ ಸಂಪ್ರದಾಯದಲ್ಲಿ ಇದನ್ನ ಸಂಗೀತ ಅಂತಾರಾ?"

ಮೂವರೂ ನನ್ನನ್ನೇ ನೋಡಿದರು. ಹೌದು ಅಂದಿದ್ದರೆ ಕುರ್ಚಿ ಅಂದೇ ನನ್ನದು. ಯಾರಿಗೂ ಎದುರಾಡುವ ಧೈರ್ಯ ಇರುತ್ತಿರಲಿಲ್ಲ. ಆದರೆ ಕಮಾನಿನಿಂದಲೇ ಗೆಣ್ಣಿಗೆ ಕುಟ್ಟುತ್ತಿದ್ದ ನನ್ನ ಗುರುಗಳು ನೆನಪಾದರು.

"ಇಲ್ಲ. ನಮ್ಮ ಕಡೆಯೂ ಇದು ಅಪಸ್ವರವೇ," ಅಂದೆ.

"ಸರಿ. ನಾಳೆಯಿಂದ ನಮ್ಮ ಮನೆಗೆ ಬಾ. ಸರಿಹೋಗದಿದ್ದರೆ ಪೊಲೀಸೇ ಗತಿ."

ಎಂಟು ವರ್ಷದಲ್ಲಿ ಆ ಊರಿನಲ್ಲಿ ನನ್ನನ್ನು ಎದುರಿಗೇ ಬೈದವರು ಅವರೊಬ್ಬರೇ. ಕುಣಿಯುತ್ತಾ ಮನೆಗೆ ಬಂದೆ. "ಬೈದುಬಿಟ್ರು ಕಣೇ! ನಾನೀಗ ಇವರಲ್ಲಿ ಒಬ್ಬನಾದೆ!"

"ಹಾಗಾದ್ರೆ ಮದುವೆ ಆದ ದಿನದಿಂದ ನಾನು ನಿಮ್ಮನ್ನ ಐರಿಷ್ ಮಾಡ್ತಾನೇ ಇದ್ದೀನಿ," ಅಂದಳು ಹೆಂಡತಿ.

೫. ಕಚೇರಿಯಲ್ಲಿ

ಟೀಚರಮ್ಮ ಅಡಿಗೆಮನೆಯ ಮೇಜಿಗೆ ಮರದ ಸೌಟು ಕುಟ್ಟಿ ಕುಟ್ಟಿ ತಾಳ ಹಾಕಿದರು. ಎರಡು ಸೌಟು ಮುರಿದವು, ನಾನು ಸರಿಹೋದೆ. ಕ್ರಿಸ್‌ಮಸ್ ಕಚೇರಿಗೆ ಹಾಲ್ ತುಂಬಿತ್ತು. ಕೊನೆಯ ಸಾಲಿನಲ್ಲಿ ಆ ಪೊಲೀಸ್ ಕೈಕಟ್ಟಿ ಕೂತಿದ್ದ. ಕಾರ್ಯದರ್ಶಿಯಮ್ಮ ಮೈಕ್ ಹಿಡಿದು, ಭಾರತದ ಪುರಾತನ ಆತ್ಮವನ್ನು ನಮ್ಮ ಡಾಕ್ಟರು ಇಂದು ಹೊತ್ತು ತಂದಿದ್ದಾರೆ ಎಂದು ಕಾಲು ಗಂಟೆ ಹೊಗಳಿದರು. ನಾವು ನುಡಿಸಲಿದ್ದದ್ದು ವಿಯೆನ್ನಾದಲ್ಲಿ ಹುಟ್ಟಿದ ಕೃತಿ.

ನುಡಿಸಿದೆವು. ಒಂದು ಹೆಜ್ಜೆಯೂ ಹಿಂದೆ ಬೀಳಲಿಲ್ಲ ನಾನು. ಮೂರನೇ ಭಾಗದಲ್ಲಿ ಮಾತ್ರ ಹಿಂದೆ ಬಿದ್ದೇನೆಂಬ ಭಯಕ್ಕೆ ಎಲ್ಲರಿಗಿಂತ ಮುಂಚೆ ಹೊರಟುಬಿಟ್ಟೆ. ಟೀಚರಮ್ಮ ಕಣ್ಣಲ್ಲೇ ನನ್ನ ಕಾಲರ್ ಹಿಡಿದು ವಾಪಸ್ಸು ಎಳೆದರು. ಮುಗಿದದ್ದೇ ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಮೇಲೆ ಒಬ್ಬ ಮುದುಕ ಕುರಿಗಾಹಿ ಟೋಪಿ ತೆಗೆದು ನನ್ನ ಕೈ ಹಿಡಿದ. ಅವನ ಹರ್ನಿಯಾ ಆಪರೇಷನ್ನಿಗೆ ಮಲಗಿಸಿದವನು ನಾನೇ. ಅವನ ಕಣ್ಣು ಒದ್ದೆಯಾಗಿತ್ತು.

"ಡಾಕ್ಟ್ರೇ, ನಿಮ್ಮ ದೇಶದ ಸಂಗೀತ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತೇ ಇರಲಿಲ್ಲ! ಅದಿರಲಿ, ನಮ್ಮ ಈ ಮೂರು ಜನಕ್ಕೆ ಅದನ್ನ ಹೇಗೆ ಕಲಿಸಿದಿರಿ?"

ನಾನು ಬಾಯಿ ತೆರೆಯುವ ಮೊದಲೇ ಟೀಚರಮ್ಮ ಹೇಳಿದರು: "ತುಂಬ ಕಷ್ಟಪಟ್ಟು ಕಲಿಸಿದ. ನಾವು ಮೂವರೂ ಕಲಿತುಬಿಟ್ವಿ. ಮೂರನೇ ಭಾಗ ಅವನಿಗೇ ಇನ್ನೂ ಬಂದಿಲ್ಲ." ನನ್ನ ಕಡೆ ತಿರುಗಿ, "ಮಂಗಳವಾರ ಏಳಕ್ಕೆ. ನಿನ್ನ ಕುರ್ಚಿ ನೀನೇ ಹಾಕ್ಕೋ," ಅಂದರು.

ಎಲ್ಲವೂ ಸತ್ಯ ಅಂದೆನಲ್ಲ, ಒಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು. ಆ ಚಪ್ಪಾಳೆ. ಜನ ಎದ್ದು ನಿಂತದ್ದೇನೋ ಹೌದು, ಆದರೆ ಅದೇ ಹೊತ್ತಿಗೆ ಹಿಂದಿನ ಬಾಗಿಲು ತೆಗೆದು ಯಾರೋ "ಚಹಾ ರೆಡಿ!" ಅಂದಿದ್ದರು.