ಕೆಂಪು ತೊಟ್ಟಿಯ ಗಾಳಿ ಚಕ್ರ

ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನವೇ ಕೆಂಪು ತೊಟ್ಟಿಯಲ್ಲಿ ಬುಳುಬುಳು ಗುಳ್ಳೆ ಏಳತೊಡಗಿತು. ಊರಿನ ಕೊಳಚೆ ನೀರು ಶುದ್ಧವಾಗುವ ಆ ಘಟಕದಲ್ಲಿ ತೊಟ್ಟಿ ಕಾಯುತ್ತಿದ್ದ ಆಪರೇಟರ್ ಗಾಬರಿಯಿಂದ ಎದ್ದು ನಿಂತ.

ತೊಟ್ಟಿಯೊಳಗಿನ ಕೆಂಪು ಸೂಕ್ಷ್ಮಜೀವಿಗಳು ಕೊಳಚೆಯ ಅಮೋನಿಯ ತಿಂದು ತೇಗುವ ಮಹಾನುಭಾವರು. ಅವಕ್ಕೆ ಗಾಳಿ ಕೊಂಚ ಸಾಕು, ಹಾಗಾಗಿ ಕರೆಂಟೂ ಕೊಂಚ. ಗಾಳಿ ಹೆಚ್ಚಾದರೆ ಮಾತ್ರ ಮುನಿಸಿಕೊಂಡು ಕೈಕಟ್ಟಿ ಕೂರುತ್ತವೆ. ಅವು ಮುನಿದರೆ ಆಪರೇಟರ್ ಮತ್ತೆ ಗಾಳಿ ಊದುವ ಯಂತ್ರಗಳಿರುವ ಹಳೇ ಬ್ಲೋವರ್ ಮನೆಗೆ. ಅಲ್ಲಿನ ಮೊರೆತ ಅವನ ಎಡಗಿವಿಯನ್ನು ಆಗಲೇ ನುಂಗಿತ್ತು, ಉಳಿದಿದ್ದು ಒಂದೇ. ಅದಕ್ಕೇ ದಿನಾ ಬೆಳಿಗ್ಗೆ ಗಾಳಿ ಪೈಪಿನ ವಾಲ್ವ್ ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ತಿರುಗಿಸು ಎಂದು ಯಾರೂ ಹೇಳಿರಲಿಲ್ಲ, ಅವನೂ ಯಾರನ್ನೂ ಕೇಳಿರಲಿಲ್ಲ.

ಈಗ ಓಡಿಹೋಗಿ ಚಕ್ರ ಬಿಗಿಯಾಗಿ ಮುಚ್ಚಿದ. ಗುಳ್ಳೆ ಇನ್ನೂ ಜೋರಾಯಿತು.

"ಇದನ್ನ ಮುಟ್ಟಿದ್ಯೇನೋ?" ಎಂದು ಪಕ್ಕದಲ್ಲಿದ್ದ ಫಿಟ್ಟರನ ಮೇಲೆ ಹರಿಹಾಯ್ದ.

"ಒಂಚೂರು ತಿರುಗಿಸ್ದೆ ಕಣಣ್ಣ. ನೀರು ಸತ್ತ ಹಾಗೆ ಬಿದ್ದಿತ್ತು. ಸಾಹೇಬ್ರು ಬಂದಾಗ ಕಳೆ ಇರ್ಲಿ ಅಂತ."

ಮುಚ್ಚುವುದು ಎಡಕ್ಕೋ ಬಲಕ್ಕೋ ಎಂದು ಅನುಮಾನ ಹುಟ್ಟಿ ಆಪರೇಟರ್ ಚಕ್ರವನ್ನು ಪೂರ್ತಿ ತೆರೆದ. ಗುಳ್ಳೆ ತಣ್ಣಗೆ ನಿಂತಿತು. ಉಸಿರು ಬಿಟ್ಟು ಮುಖ ತೊಳೆದು ಬರುವಷ್ಟರಲ್ಲಿ ಘಟಕದ ತೋಟದ ಕೆಲಸದಾಕೆ ಚಕ್ರದ ಮೇಲೆ ಕೈಯಿಟ್ಟು ನಿಂತಿದ್ದಳು. ನೀರು ಮತ್ತೆ ಕುದಿಯುತ್ತಿತ್ತು.

"ಅಕ್ಕಾ, ನಿಂಗೇನು ಬಂತು?"

"ಪಾಪ, ಅವೂ ಜೀವ ಅಲ್ವೇನಪ್ಪಾ? ಉಸಿರು ಕಟ್ಟಲ್ವಾ?"

ಆಪರೇಟರ್ ಚಕ್ರವನ್ನು ಎರಡೂ ಕೈಯಲ್ಲಿ ತಬ್ಬಿ ಕುಳಿತ. ಯಾರೂ ಮುಟ್ಟಲಿಲ್ಲ. ಆದರೂ ಗುಳ್ಳೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಅವನಿಗೆ ತಲೆಬುಡ ತಿಳಿಯಲಿಲ್ಲ.

ಸಾಹೇಬರು ಬಂದಾಗಲೂ ಹಾಗೇ ಕುಳಿತಿದ್ದ. ಲ್ಯಾಬ್ ಮೇಡಂ, "ನೀರು ಫಸ್ಟ್ ಕ್ಲಾಸ್ ಸಾರ್, ಅಮೋನಿಯ ಇಲ್ಲವೇ ಇಲ್ಲ" ಎಂದರು. ಆಪರೇಟರನಿಗೆ ಹೋದ ಜೀವ ಬಂತು.

"ಏನ್ರೀ, ಚಕ್ರ ಯಾಕೆ ತಬ್ಕೊಂಡಿದ್ದೀರಿ?" ಎಂದರು ಸಾಹೇಬರು.

"ಗಾಳಿ ಕಾಯ್ತಿದ್ದೀನಿ ಸಾರ್. ದಿನಾ ನಾನೇ ಹದ ಮಾಡೋದು."

"ಅದರ ಪೈಪು ಯಾವಾಗ್ಲೋ ಕತ್ತರಿಸಿ ಹಾಕಿದ್ದೀವಲ್ರೀ! ತೊಟ್ಟಿಯಲ್ಲಿ ಸೆನ್ಸರ್ ಇದೆ. ಅಮೋನಿಯ ನೋಡ್ಕೊಂಡು ಗಾಳಿ ತಾನೇ ಬರತ್ತೆ, ತಾನೇ ನಿಲ್ಲತ್ತೆ."

"ಹಾಗಾದ್ರೆ ಇಷ್ಟು ದಿನ ನಾನು ಮಾಡಿದ್ದು?"

"ನಾನೂ ಅದನ್ನೇ ಯೋಚಿಸ್ತಿದ್ದೀನಿ," ಎಂದ ಸಾಹೇಬರು ಅವನ ಬೆನ್ನು ತಟ್ಟಿದರು. "ಗಾಳಿ ಮೇಲೆ ಇಷ್ಟು ನಿಷ್ಠೆ ಇರೋರು ಇಲ್ಲಿದ್ದರೆ ದಂಡ."

ಸಂಜೆಗೆ ಅವನು ಬ್ಲೋವರ್ ಮನೆಯಲ್ಲಿದ್ದ. ಮೇಸ್ತ್ರಿ ಅಲ್ಲಿನ ಚಕ್ರ ತೋರಿಸಿ ಏನೋ ಕಿರುಚಿದ. ಬಲಗಿವಿ ಒಡ್ಡಿದರೂ ಒಂದಕ್ಷರ ಕೇಳಿಸಲಿಲ್ಲ. ಆಪರೇಟರ್ ಮೊಣಕಾಲೂರಿ, ಚಕ್ರದ ಕೆಳಗೆ ಪೈಪು ಇದೆಯೇ ಎಂದು ತಡವಿ ನೋಡತೊಡಗಿದ.