ತಯಾರಿಸಿದವರ ವಿಳಾಸ

ಯಲ್ಲೇಶನ ಸಂಸಾರಕ್ಕೆ ಅಡ್ಡ ಬಂದದ್ದು ಅತ್ತೆಯಲ್ಲ, ಮಾವನಲ್ಲ. ಅಮೆರಿಕಕ್ಕೆ ಹೋಗಬೇಕಿದ್ದ ಒಂದು ಫಾರ್ಮಿನ ಖಾಲಿ ಚೌಕ.

ಅವನು ಇಚಲಕರಂಜಿಯ ಪದ್ಮಕುಮಾರ ಅಣ್ಣಾ ಅವರ ಚಾದರ ಕಂಪನಿಯಲ್ಲಿ ರಫ್ತಿನ ಕಾಗದಪತ್ರ ನೋಡುವ ಗುಮಾಸ್ತ. ಹೆಂಡತಿ ಸಾರಿಕಾ ತವರಿನಲ್ಲಿ ನೇಯ್ದು ತಂದಿದ್ದ ಕಂಬಳಿಯನ್ನು ಹೆಮ್ಮೆಯಿಂದ ಅಣ್ಣಾನಿಗೆ ತೋರಿಸಿದ್ದೇ ತಪ್ಪಾಯಿತು. ಅಣ್ಣಾ ಅದರ ಫೋಟೋ ಅಮೆರಿಕಕ್ಕೆ ಕಳಿಸಿದರು. ಅಲ್ಲಿಂದ ನೂರೈವತ್ತು ಕಂಬಳಿಗೆ ಆರ್ಡರ್ ಬಂತು. ಕಂಬಳಿ ಮಗ್ಗಗಳಿದ್ದದ್ದು ಗಡಹಿಂಗ್ಲಜ ಬಳಿಯ ಹಳ್ಳಿಯ ಅವಳ ತವರುಮನೆಯಲ್ಲಿ. "ಹದಿನೈದ ದಿನದಾಗ ಬಂದಬಿಡ್ತೇನ್ರಿ" ಎಂದು ಹೋದವಳು ಎರಡು ತಿಂಗಳಾದರೂ ಬಂದಿರಲಿಲ್ಲ.

ಯಲ್ಲೇಶನಿಗೆ ಅವಳಿಲ್ಲದೆ ಬೇಸರವಾಗಿತ್ತು ಅಂದರೆ ಕಡಿಮೆಯೇ ಹೇಳಿದಂತೆ. ಸುತ್ತಲಿನ ಮಗ್ಗಗಳು ಹಗಲೂ ರಾತ್ರಿ ಖಟಖಟ ಎನ್ನುವ ಓಣಿಯಲ್ಲೂ ಅವನಿಗೆ ಮನೆ ಬಿಕೋ ಎನ್ನುತ್ತಿತ್ತು. ಚಹಾ ಮಾಡುವಾಗ ಕೈ ತಾನಾಗಿ ಎರಡು ಕಪ್ಪು ತೆಗೆಯುತ್ತಿತ್ತು. ಅಂತೂ ಕಂಬಳಿಯ ಕೊನೆಯ ಗಂಟು ಬಂದು, ಕಂಪನಿಯ ಚಾದರಗಳ ಜೊತೆ ಕಂಟೇನರ್ ತುಂಬಿ ಬಂದರಿಗೆ ಹೋಗಿತ್ತು. ಇವತ್ತು ಸಂಜೆ ಆರರ ಬಸ್ಸಿಗೆ ಸಾರಿಕಾ ಬರುವವಳಿದ್ದಳು.

ಹತ್ತು ಗಂಟೆಗೆ ಮುಂಬಯಿಯ ಏಜೆಂಟನ ಫೋನು ಬಂತು. ಸಾಮಾನು ಹಡಗು ಏರುವ ಇಪ್ಪತ್ನಾಲ್ಕು ತಾಸು ಮೊದಲು, ಅದನ್ನು ಮಾರಿದವರು ಯಾರು, ಕೊಂಡವರು ಯಾರು, ತಯಾರಿಸಿದವರು ಯಾರು ಎಂದು ಅಮೆರಿಕದ ಕಸ್ಟಮ್ಸಿಗೆ ತಿಳಿಸಬೇಕು. ಎಲ್ಲ ತುಂಬಿದೆ, ಕಂಬಳಿ ತಯಾರಿಸಿದವರ ಚೌಕ ಮಾತ್ರ ಖಾಲಿ. ಮಧ್ಯಾಹ್ನ ಎರಡು ಗಂಟೆಯೊಳಗೆ ಅದು ಬರದಿದ್ದರೆ ಕಂಟೇನರ್ ಬಂದರಿನಲ್ಲೇ ಉಳಿಯುತ್ತದೆ. ತಪ್ಪು ಬರೆದರೆ ಐದು ಸಾವಿರ ಡಾಲರ್ ದಂಡ.

"ನಮ್ಮ ಕಂಪನಿ ಹೆಸರ ಹಾಕಿ ಒಗೀರಿ," ಎಂದರು ಅಣ್ಣಾ.

"ಮಾರಿದವರು ಬ್ಯಾರೆ, ಮಾಡಿದವರು ಬ್ಯಾರೆ ಅಂತಾನ್ರಿ ಏಜೆಂಟ," ಎಂದ ಯಲ್ಲೇಶ. "ಮಾಡಿದಾಕಿ ಸಾರಿಕಾ. ಆಕಿ ಹೆಸರ ಹಾಕೋಣ್ರಿ."

ಹೇಳುವಾಗ ಅವನ ಎದೆ ಉಬ್ಬಿತು. ಪಕ್ಕದ ಕಂಪ್ಯೂಟರಿನ ಮುಂದಿದ್ದ ನೂತನ ಕೇಳಿದಳು, "ಹಂಗಾದ್ರ ನಿಮ್ಮ ಮನಿ ವಿಳಾಸಾನ ಹಾಕಲೇನ್ರಿ? ಮನಿ ನಂಬರ, ಪಿನ್ ಕೋಡ್ ಎಲ್ಲಾ ಐತಿ."

"ಹಾಕಬ್ಯಾಡವಾ!" ಅಣ್ಣಾ ಎದ್ದೇ ನಿಂತರು. "ನಾಳೆ ಯಾರರ ನೋಡಾಕ ಬಂದ್ರ ಅವನ ಮನ್ಯಾಗ ಏನೈತಿ? ಒಂದು ಗ್ಯಾಸಿನ ಒಲಿ. ಎಲ್ಲಿ ಮಗ್ಗ ಐತೋ ಅದs ವಿಳಾಸ ಹಾಕ್ರಿ."

ಯಲ್ಲೇಶ ಸಾರಿಕಾಳಿಗೆ ಫೋನು ಹಚ್ಚಿದ. ಎತ್ತಿದವಳು ಅತ್ತೆ ನಾಗೂಬಾಯಿ.

"ಸಾರಿಕಾ ಇಲ್ರಿ ಅಳಿಯಾರ. ನಿಮ್ಮ ಕಡೆ ಬರಾಕ ಹಸರ ಬಳಿ ಇಟಗೊಂಡ ಬರ್ತೇನಿ ಅಂತ ಬಳಗಾರನ ಅಂಗಡಿಗೆ ಹೋಗ್ಯಾಳ. ಫೋನ ಇಲ್ಲೇ ಬಿಟ್ಟಾಳ."

ಹಸಿರು ಬಳೆ ಎಂದೊಡನೆ ಯಲ್ಲೇಶನಿಗೆ ಒಂದು ಕ್ಷಣ ಅಮೆರಿಕವೇ ಮರೆತುಹೋಯಿತು. ಅಣ್ಣಾ ಕೆಮ್ಮಿದ ಮೇಲೆ ವಿಳಾಸ ಕೇಳಿದ.

"ದೊಡ್ಡ ಬೇವಿನ ಗಿಡದ ಮಗ್ಗಲ ಅಂತ ಬರೀರಿ. ಟಪಾಲಿನಾಂವ ಇಪ್ಪತ್ತ ವರ್ಷದಿಂದ ಬರ್ತಾನ."

ಅಮೆರಿಕದ ಕಂಪ್ಯೂಟರಿಗೆ ಬೇವಿನ ಗಿಡ ಗೊತ್ತಿರಲಿಲ್ಲ. ಅದು ಕೆಂಪಾಗಿ ನಂಬರು ಕೇಳಿತು. ಲೈಟಿನ ಮೀಟರಿನ ಮೇಲೆ ಬರೆದ ನಂಬರು ನೋಡಿ ಹೇಳಲಿ ಎಂದು ನೂತನ ಉಪಾಯ ಕೊಟ್ಟಳು. ನಾಗೂಬಾಯಿ ಸ್ಟೂಲು ಹತ್ತಿ ಐದು ಅಂಕಿ ಓದಿದಳು, ನೂತನ ಬರೆದುಕೊಂಡಳು. ಅಷ್ಟರಲ್ಲಿ ಮುದುಕಿ ಕೂಗಿದಳು, "ತಡೀರಿ, ಕಡೀ ಅಂಕಿ ತಿರಗಾಕತ್ತೈತಿ! ಹೊಸಾದ ಹೇಳ್ಲೇನ್ರಿ, ಹಳೇದ ಹೇಳ್ಲೇನ್ರಿ?"

ಒಂದೂವರೆ ಗಂಟೆಯಾಯಿತು. ಪಂಚಾಯಿತಿಯವರು ಬಾಗಿಲ ಮೇಲೆ ಬರೆದ ಮನೆ ನಂಬರು ಇದ್ದೇ ಇತ್ತು, ಆದರೆ ದೀಪಾವಳಿಯ ಸುಣ್ಣ ಅದನ್ನು ನುಂಗಿತ್ತು. ನಾಗೂಬಾಯಿ ಕುಡುಗೋಲಿನಿಂದ ಸುಣ್ಣ ಕೆರೆಯುವ ಸದ್ದು ಫೋನಿನಲ್ಲಿ ಕೇಳುತ್ತಿತ್ತು. ಇತ್ತ ಅಣ್ಣಾ ಟೇಬಲ್ಲಿನ ಮೇಲಿಟ್ಟ ಫೋನಿಗೆ ಕಿವಿ ಹಚ್ಚಿ ಕೂತಿದ್ದರು. ಕೊನೆಗೆ ಮೂರು ಅಂಕಿ ಹೊರಬಿದ್ದವು. ಎರಡಕ್ಕೆ ನಾಲ್ಕು ನಿಮಿಷ ಇರುವಾಗ ಫಾರ್ಮ್ ಹೋಯಿತು, ಮೂರು ಗಂಟೆಗೆ 'ಸ್ವೀಕೃತ' ಎಂದು ಉತ್ತರವೂ ಬಂತು. ಅಣ್ಣಾ ಎಲ್ಲರಿಗೂ ಪೇಢೆ ತರಿಸಿದರು. ಯಲ್ಲೇಶ ತನ್ನದನ್ನು ತಿನ್ನದೆ ಕಾಗದದಲ್ಲಿ ಕಟ್ಟಿ ಜೇಬಿಗಿಟ್ಟುಕೊಂಡ.

ಐದಕ್ಕೇ ಬಸ್ ಸ್ಟ್ಯಾಂಡಿನಲ್ಲಿದ್ದ. ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಆರರ ಬಸ್ಸು ಆರೂವರೆಗೆ ಬಂತು. ಮುದುಕರು ಇಳಿದರು, ಮಕ್ಕಳು ಇಳಿದರು, ಒಂದು ಕೋಳಿ ಬುಟ್ಟಿಯೂ ಇಳಿಯಿತು. ಕೊನೆಗೆ ಕಂಡಕ್ಟರ್ ಒಂದು ಗಂಟು ಹಿಡಿದು ಕೇಳಿದ, "ಯಲ್ಲೇಶ ಅಂದ್ರ ಯಾರ್ರಿ?"

ಗಂಟಿನಲ್ಲಿ ಒಂದು ಕರಿ ಕಂಬಳಿ ಇತ್ತು. ಅವಳ ಕೈಯ ನೇಯ್ಗೆ. ಅಷ್ಟರಲ್ಲಿ ಫೋನು ಬಂತು.

"ಏನ್ರೀ, ಸಿಟ್ಟಾಗಬ್ಯಾಡ್ರಿ," ಎಂದಳು ಸಾರಿಕಾ. ಬಳೆಗಳ ಸದ್ದೂ ಕೇಳಿತು. "ಬಸ್ಸಿನಾಗ ಕುಂತಿದ್ದೆ. ಅಣ್ಣಾ ಅವರ ಫೋನ ಬಂತು. ಅಮೆರಿಕದವರಿಗೆ ಕಾಗದ ಭಾಳ ಸೇರೇತಂತ. ಇನ್ನೂ ಆರು ಕಂಟೇನರಿಗೆ ಇಷ್ಟಿಷ್ಟs ಕಂಬಳಿ ಬೇಕಂತ, ಎರಡ ತಿಂಗಳಿಗೆ ಒಂದು ಕಂಟೇನರ್. ಮಾಡಾಕಿ ಆಕೀನs ಇರಬೇಕು, ವಿಳಾಸಾನೂ ಅದs ಇರಬೇಕಂತ. ಯಾರರ ನೋಡಾಕ ಬಂದಾಗ ನಾ ಮಗ್ಗದ ಮುಂದ ಇರದಿದ್ರ ದಂಡ ಬೀಳತೈತಿ ಅಂದ್ರು. ಇಳದ ಬಂದೆ."

ಆರು ಕಂಟೇನರ್ ಎಂದರೆ ಒಂದು ವರ್ಷ. ಯಲ್ಲೇಶ ಮಲ್ಲಿಗೆಯನ್ನು ಗಂಟಿನ ಮೇಲಿಟ್ಟ.

"ನನಗೂ ನಿಮ್ಮನ್ನ ಬಿಟ್ಟ ಇರಾಕ ಆಗವಲ್ದ್ರಿ," ಎಂದಳು ಅವಳು ಮೆಲ್ಲಗೆ. "ಕೆಲಸ ಬಿಟ್ಟ ನೀವರ ಇಲ್ಲಿ ಬರ್ರಲ್ಲ."

ಯಾಕಾಗಬಾರದು? ಯಲ್ಲೇಶ ತಕ್ಷಣ ಅಣ್ಣಾನಿಗೆ ಫೋನು ಹಚ್ಚಿದ. ಅವನು ಬಾಯಿ ತೆರೆಯುವ ಮೊದಲೇ ಅವರು ಶುರು ಮಾಡಿದರು.

"ಯಲ್ಲೇಶ, ಶಾಬ್ಬಾಸ್! ಮುಂದಿನ ಆರೂ ಫಾರ್ಮಿಗೆ ಜವಾಬ್ದಾರ ಮನಿಷ್ಯಾ ಅಂತ ನಿನ್ನ ಹೆಸರs ಕೊಟ್ಟೇನಿ. ವಿಳಾಸ ಇಲ್ಲೀ ಆಫೀಸಿಂದು. ಅದೂ ಸ್ವೀಕೃತ ಆತು. ಇನ್ನ ಏನೂ ಬದಲಾಯಿಸಬ್ಯಾಡ!"

ಮರುದಿನ ನೂತನ ಹೊಸ ಫಾರ್ಮಿನ ಪ್ರತಿ ತೆಗೆದು ಅವನ ಮುಂದಿಟ್ಟಳು. ತಯಾರಿಸಿದವರು: ಸಾರಿಕಾ. ಅದರ ಪಕ್ಕದ ಚೌಕದಲ್ಲಿ, ಜವಾಬ್ದಾರರು: ಯಲ್ಲೇಶ. ಎರಡು ಹೆಸರುಗಳೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

ಮುಂದಿನ ಒಂದು ವರ್ಷ ಗಂಡಹೆಂಡಿರು ಜೊತೆಗಿರಲು ಅದೊಂದೇ ಜಾಗವಿತ್ತು. ಯಲ್ಲೇಶ ಸಹಿ ಹಾಕಿದ.