ಕಾರು ಮಾರಾಟದ ತರ್ಜುಮೆ

ದೇಜಪ್ಪನವರ ಕಾರು ಎಡಕ್ಕೆ ತಿರುಗಿದಾಗಲೆಲ್ಲ ತಾನಾಗಿಯೇ ಹಾರ್ನ್ ಹೊಡೆಯುತ್ತಿತ್ತು. ಬಲಕ್ಕೆ ತಿರುಗಿದರೆ ಪರಮ ಮೌನಿ. ಹೀಗಾಗಿ ಸೌದಿಯ ಖಮೀಸ್ ಮುಶೈತ್ ಊರಿನಲ್ಲಿ ಎಲ್ಲಿಗೆ ಹೋಗಬೇಕಾದರೂ ಅವರು ಆದಷ್ಟು ಬಲಕ್ಕೇ ತಿರುಗುತ್ತ ಹೋಗುತ್ತಿದ್ದರು. ಎಲ್ಲಿಗೂ ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ, ಊರಿನ ಗಲ್ಲಿಗಲ್ಲಿಯೂ ಪರಿಚಯವಾಗಿತ್ತು ಅಷ್ಟೆ.

ಹೆಂಡತಿ ಸ್ವರ್ಣಲತಾ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಆಕೆ ಕೂರುವ ಬದಿಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ದಿನಾ ಆಸ್ಪತ್ರೆಯ ಗೇಟಿನಲ್ಲಿ ದೇಜಪ್ಪನವರು ಇಳಿದು, ಸುತ್ತಿ ಬಂದು, ಬಾಗಿಲು ತೆರೆದು ಹಿಡಿದು ನಿಲ್ಲಬೇಕಿತ್ತು. (ಇದನ್ನು ಕಂಡ ಉಳಿದ ನರ್ಸುಗಳು 'ಗಂಡ ಅಂದರೆ ಹೀಗಿರಬೇಕು' ಎಂದು ಮನೆಯಲ್ಲಿ ಹೇಳಿ, ಅವರ ಗಂಡಂದಿರಲ್ಲಿ ಇಬ್ಬರು ದೇಜಪ್ಪನವರ ಜೊತೆ ಮಾತು ಬಿಟ್ಟಿದ್ದರು.)

ಒಂದು ಬೆಳಿಗ್ಗೆ ಆಸ್ಪತ್ರೆಯ ಎದುರಿನ ಸರ್ಕಲ್ಲಿನಲ್ಲೇ ಕಾರು ಸಮಾಧಿಸ್ಥವಾಯಿತು. ಹಿಂದೆ ಆಂಬುಲೆನ್ಸ್ ಅರಚುತ್ತಿತ್ತು. ಗಂಡ ಸುತ್ತಿ ಬಂದು ಬಾಗಿಲು ತೆರೆದ ಮೇಲೆ ಬಿಳಿ ಯೂನಿಫಾರ್ಮಿನ ಸ್ವರ್ಣಲತಾ ಇಳಿದು, ಇಡೀ ಔಟ್‌ಪೇಶಂಟ್ ವಿಭಾಗ ನೋಡುತ್ತಿದ್ದಂತೆ ಕಾರನ್ನು ತಳ್ಳಿದರು. ಸಂಜೆ ಮನೆಗೆ ಬಂದವರು ಚಪ್ಪಲಿಯನ್ನೂ ಬಿಡಲಿಲ್ಲ.

"ರಿಪೇರಿ ಮಾಡಿಸ್ತೀರಾ, ಮಾರ್ತೀರಾ? ಈಗ ಹೇಳಿ."

"ಸ್ವಲ್ಪ ಆಲೋಚನೆ ಮಾಡುವಾ ಮಾರಾಯ್ತಿ."

"ನೀವು ಆಲೋಚನೆ ಮಾಡಿ ಮಾಡಿಯೇ ಅದರ ಬ್ಯಾಟರಿ ಹೋದದ್ದು!"

ದೇಜಪ್ಪನವರು ಗ್ಯಾರೇಜಿನ ರಝಾಕನ ಬಳಿಗೆ ಹೋದರು. ಆತ ಬಾನೆಟ್ ಎತ್ತಿ ನೋಡಿ, ಮೆಲ್ಲನೆ ಮುಚ್ಚಿದ. "ರಿಪೇರಿ ಆಗ್ತದೆ ದೇಜಪ್ಪಣ್ಣ, ಆಗುದಿಲ್ಲ ಅಂತಲ್ಲ. ಎಲ್ಲಿಂದ ಸುರು ಮಾಡುದು ಅಂತ ಮಾತ್ರ ನನ್ನತ್ರ ಕೇಳ್ಬೇಡಿ."

ದೇಜಪ್ಪನವರಿಗೆ ಒಳಗೊಳಗೇ ಖುಷಿಯಾಯಿತು. ಆಫೀಸಿನ ದಾರಿಯ ಶೋರೂಮಿನಲ್ಲಿ ನಿಂತಿದ್ದ ಬೂದು ಬಣ್ಣದ ಜೀಪೊಂದು ಕೆಲವು ತಿಂಗಳಿಂದ ಅವರನ್ನೇ ನೋಡುತ್ತಿದೆ ಎಂಬ ಭ್ರಮೆ ಅವರಿಗಿತ್ತು. ಮಾರುವುದೇ ಸೈ ಎಂದು ನಿಶ್ಚಯವಾಯಿತು. ಕಾರಿನ ಹಿಂದಿನ ಗಾಜಿಗೆ 'ಮಾರಾಟಕ್ಕಿದೆ' ಎಂದು ಅರಬ್ಬಿಯಲ್ಲಿ ಬರೆಸಿದರು.

ಶುಕ್ರವಾರ ಗಿರಾಕಿ ಬಂದ. ತಮೀಮ್ ಎಂಬ ಹೆಸರಿನ ಸೌದಿ ಮೇಷ್ಟ್ರು, ಸಾಧು ಮನುಷ್ಯ. ದೇಜಪ್ಪನವರಿಗೆ ಬರುತ್ತಿದ್ದ ಅರಬ್ಬಿ 'ಯಲ್ಲಾ' (ನಡಿ), 'ಮಾಫಿ ಮುಶ್ಕಿಲ್' (ಏನೂ ತೊಂದರೆಯಿಲ್ಲ) ದಾಟುತ್ತಿರಲಿಲ್ಲ. ಇಷ್ಟೇ ಅರಬ್ಬಿಯಲ್ಲಿ ಇಂಥ ಕಾರನ್ನು ಮಾರುವುದು ಸಾಧ್ಯವೇ? ರೋಗಿಗಳ ಜೊತೆ ಮಾತಾಡಿ ನಿರರ್ಗಳ ಅರಬ್ಬಿ ಕಲಿತಿದ್ದ ಹೆಂಡತಿಯನ್ನೇ ದುಭಾಷಿಯಾಗಿ ಕೆಳಗೆ ಕರೆದರು. ಇದು ಮೊದಲನೆಯ ತಪ್ಪು.

ದೇಜಪ್ಪನವರು ಗಂಟಲು ಸರಿಮಾಡಿಕೊಂಡರು. "ಇದನ್ನು ಹೂವಿನ ಹಾಗೆ ನೋಡಿಕೊಂಡಿದ್ದೇವೆ, ಒಂದು ದಿನವೂ ದಾರಿಯಲ್ಲಿ ಕೈಕೊಟ್ಟದ್ದಿಲ್ಲ ಅಂತ ಹೇಳು."

ಸ್ವರ್ಣಲತಾ ಹೇಳತೊಡಗಿದರು. ಹೇಳಿಯೇ ಹೇಳಿದರು. ನಡುವೆ ಎರಡೂ ಕೈ ಮುಂದೆ ಚಾಚಿ ಏನನ್ನೋ ತಳ್ಳಿ ತೋರಿಸಿದರು, ಬಾಯಿಂದ ಹಾರ್ನಿನ ಸದ್ದು ಹೊರಡಿಸಿದರು. ತಮೀಮ್ ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಎಂತ ಹೇಳಿದ್ದು ನೀನು?"

"ಕೇಸ್ ಹಿಸ್ಟರಿ."

"ಅಯ್ಯೋ! ಮಾರ್ಲಿಕ್ಕೆ ನಿಂತದ್ದಾ, ಅಡ್ಮಿಟ್ ಮಾಡ್ಲಿಕ್ಕಾ?"

"ಇವರ ತಾಯಿ ನನ್ನ ವಾರ್ಡಿನಲ್ಲಿದ್ದಾರೆ ಮಾರಾಯ್ರೇ. ಈಗ ನೋಡಿದ ಮೇಲೆ ಗುರ್ತ ಸಿಕ್ಕಿತು. ಸುಳ್ಳು ಹೇಳಿ ನಾಳೆ ಯಾವ ಮುಖ ಇಟ್ಟುಕೊಂಡು ಅವರಿಗೆ ಇಂಜೆಕ್ಷನ್ ಕೊಡುದು?"

ಆದರೂ ತಮೀಮ್ ಒಂದು ಸುತ್ತು ಓಡಿಸಿ ನೋಡುತ್ತೇನೆ ಎಂದ. ದೇಜಪ್ಪನವರು ಪಕ್ಕದಲ್ಲಿ, ಸ್ವರ್ಣಲತಾ ಹಿಂದೆ. ಆ ದಿನ ಕಾರಿಗೆ ಏನಾಗಿತ್ತೋ! ಕೀಲಿ ತಿರುಗಿಸಿದ ಕೂಡಲೇ ಎದ್ದಿತು. ಎಡಕ್ಕೆ ತಿರುಗಿದರೂ ಹಾರ್ನ್ ಕಮಕ್ ಕಿಮಕ್ ಎನ್ನಲಿಲ್ಲ. ಪಕ್ಕದ ಊರಾದ ಅಬಹಾ ಕಡೆಯ ಏರನ್ನು ಹೆಬ್ಬಾವಿನಂತೆ ನುಣ್ಣಗೆ ಏರಿತು. ಇಳಿಯುವಾಗ ದೇಜಪ್ಪನವರು ತಮ್ಮ ಬದಿಯ ಬಾಗಿಲನ್ನು ಒಳಗಿನಿಂದ ಸುಮ್ಮನೆ ತಳ್ಳಿ ನೋಡಿದರೆ, ಅದೂ ತೆರೆದುಕೊಂಡಿತು. ಅವರ ಕಣ್ಣಿಗೆ ಬೂದು ಜೀಪು ಆಗಲೇ ಮನೆಯೆದುರು ನಿಂತಂತೆ ಕಂಡಿತು.

ತಮೀಮ್ ಮಾತ್ರ ಗಂಭೀರನಾಗಿ ಸ್ವರ್ಣಲತಾ ಕಡೆಗೆ ತಿರುಗಿ, ಎದೆಯ ಮೇಲೆ ಕೈಯಿಟ್ಟು ಮೃದುವಾಗಿ ಏನೋ ಹೇಳಿದ. ಆಕೆಯ ಮುಖ ಬಿಳಿಚಿಕೊಂಡಿತು.

"ಏನಂತೆ? ತಗೊಳ್ತಾನಂತಾ?"

"ಇಲ್ಲ. ಕಾರು ಬಂಗಾರದ ಹಾಗೆ ಉಂಟಂತೆ. ನಾನು ಹೇಳಿದ ಒಂದು ತೊಂದರೆಯೂ ಅವರಿಗೆ ಕಾಣಲಿಲ್ಲವಂತೆ. ನನಗೆ ಇದರ ಮೇಲೆ ಪ್ರೀತಿ, ಕೊಡ್ಲಿಕ್ಕೆ ಮನಸ್ಸಿಲ್ಲ, ಅದಕ್ಕೇ ಅಷ್ಟು ದೂರು ಹೇಳಿದ್ದಂತೆ."

"ಅಲ್ಲ ಅಂತ ಹೇಳು!"

"ಹೇಳಿದೆ. ಹೇಳಿದಷ್ಟೂ ಪಾಪ ಅಂತ ತಲೆ ಅಲ್ಲಾಡಿಸ್ತಾರೆ. ತಾಯಿಯನ್ನು ನೋಡಿಕೊಳ್ಳುವ ಸಿಸ್ಟರಿಂದ ಅವಳ ಪ್ರೀತಿಯ ಕಾರನ್ನು ಕಿತ್ತುಕೊಳ್ಳುದು ಮಹಾಪಾಪವಂತೆ. ಮತ್ತೆ..." ಸ್ವರ್ಣಲತಾ ತಡೆದರು. "ನಿಮ್ಮತ್ರ ಒಂದು ಮಾತು ಹೇಳ್ಲಿಕ್ಕೆ ಹೇಳಿದ್ರು. ಹೆಂಡತಿಗೆ ಇಷ್ಟವಾದ ವಸ್ತುವನ್ನು ಗಂಡ ಮಾರಬಾರದಂತೆ."

ತಮೀಮ್ ದೇಜಪ್ಪನವರ ಭುಜವನ್ನು ಸಣ್ಣಗೆ ಗದರಿಸುವಂತೆ ತಟ್ಟಿ, ಹಿಂದಿನ ಗಾಜಿನ ಬರಹವನ್ನು ತನ್ನ ಕೈವಸ್ತ್ರದಿಂದಲೇ ಒರೆಸಿ ಹೊರಟುಹೋದ. ಅವನ ಗಾಡಿ ತಿರುವಿನಲ್ಲಿ ಮರೆಯಾಗುವುದೇ ತಡ, ಕಾರಿನ ಹೊಟ್ಟೆಯೊಳಗೆ ಏನೋ ಠಣ್ ಎಂದು ಬಿತ್ತು.

ಮುಂದಿನ ವಾರ ದೇಜಪ್ಪನವರು ಲುಂಗಿ ಉಟ್ಟು ಚಹಾ ಕುಡಿಯುತ್ತಿದ್ದಾಗ ಕೆಳಗೊಂದು ದೊಡ್ಡ ಟ್ರಕ್ಕು ಬಂದು ನಿಂತಿತು. ಅದರ ಬೆನ್ನ ಮೇಲೆ ಒಂದು ಕಾರು. ಅವರದೇ ಮಾದರಿ, ಅವರದೇ ಬಣ್ಣ, ವಯಸ್ಸಿನಲ್ಲಿ ಸ್ವಲ್ಪ ಹಿರಿದು. ಹೆಡ್‌ಲೈಟಿನ ಗೂಡಿನಲ್ಲಿ ಪಾರಿವಾಳ ಮನೆ ಮಾಡಿತ್ತು. ಅದೇ ಹೊತ್ತಿಗೆ ಸ್ವರ್ಣಲತಾರ ಫೋನು ರಿಂಗಾಯಿತು.

"ತಮೀಮ್," ಎಂದರು ಆಕೆ, ಫೋನಿಗೆ ಕೈ ಅಡ್ಡ ಹಿಡಿದು. "ಊರಲ್ಲಿ ಅವರ ಅಜ್ಜನ ಕಾರಂತೆ. ಬಿಡಿಭಾಗಕ್ಕೆ ಇರ್ಲಿ ಅಂತ ಉಡುಗೊರೆ ಕಳಿಸಿದ್ದಾರೆ. ನಾನು ಇನ್ನು ಯಾವತ್ತೂ ನನ್ನ ಕಾರನ್ನು ಬಿಟ್ಟಿರಬೇಕಾಗಿಲ್ಲವಂತೆ."

ದೇಜಪ್ಪನವರು ಬಾಲ್ಕನಿಯ ಕಂಬಿ ಹಿಡಿದು ನಿಂತರು. ಒಂದನ್ನು ಮಾರಲು ಹೊರಟವರ ಬಳಿ ಈಗ ಎರಡಿದ್ದವು. ಕೆಳಗೆ ಟ್ರಕ್ಕಿನವರು ಎರಡನ್ನೂ ಅಕ್ಕಪಕ್ಕದಲ್ಲಿ, ವಧೂವರರಂತೆ ನಿಲ್ಲಿಸುತ್ತಿದ್ದರು. ದೇಜಪ್ಪನವರ ಗಂಟಲಿನಿಂದ ಒಂದು ವಿಚಿತ್ರ ಸ್ವರ ಹೊರಟಿತು. ಫೋನಿನ ಆ ಕಡೆಯಿಂದ ತಮೀಮ್ ಗಾಬರಿಯಿಂದ ಏನೋ ಕೇಳಿದ. ಸ್ವರ್ಣಲತಾ ಅರಬ್ಬಿಯಲ್ಲಿ ಸಮಾಧಾನದ ಮಾತು ಹೇಳಿ ಫೋನಿಟ್ಟರು.

"ಈಗ ಎಂತ ಹೇಳಿದೆ?" ದೇಜಪ್ಪನವರು ಕ್ಷೀಣ ಸ್ವರದಲ್ಲಿ ಕೇಳಿದರು.

"ಸಂತೋಷ ತಡೆಯದೆ ಅಳ್ತಾ ಇದ್ದಾರೆ ಅಂದೆ. ಪಾಪ, ಅವರಿಗೂ ಕಣ್ಣಲ್ಲಿ ನೀರು ಬಂತು. ಅಜ್ಜನ ಹತ್ತಿರ ಒಂದು ಹಳೇ ಟ್ರ್ಯಾಕ್ಟರ್ ಕೂಡ ಉಂಟಂತೆ."